ಅತ್ತೆಯ ಬಾಯಲ್ಲಿ ಒಂದು ಹೆಸರು

ನಮ್ಮ ಅತ್ತೆ ನೀಲಮ್ಮ ಅಮೆರಿಕಕ್ಕೆ ಬಂದು ನಲವತ್ತು ವರ್ಷ ದಾಟಿತು. ಹೈವೇಯಲ್ಲಿ ಟ್ರಕ್ಕುಗಳ ನಡುವೆ ಕಾರು ನುಗ್ಗಿಸುತ್ತಾರೆ. ಕರೆಂಟಿನ ಬಿಲ್ಲು ಜಾಸ್ತಿ ಬಂದರೆ ಫೋನು ಹಿಡಿದು ಇಂಗ್ಲಿಷಿನಲ್ಲೇ ಜಗಳ ಕಾಯುತ್ತಾರೆ. ಆದರೆ ಗಂಡನ ಹೆಸರೇನು ಎಂದು ಯಾರಾದರೂ ಕೇಳಿದರೆ ಸಾಕು, ಬಾಯಿಗೆ ಬೀಗ. ಡಾಕ್ಟರ ಆಫೀಸಿನ ಹುಡುಗಿ ಕೇಳಿದಾಗೆಲ್ಲ ಫೋನನ್ನು ನನ್ನ ಕೈಗೆ ತುರುಕಿ, "ನೀನ ಹೇಳವಾ" ಎನ್ನುತ್ತಿದ್ದರು. ನಾನು ಮೈಸೂರಿನವಳು. ಗಂಡನನ್ನು ಕಲ್ಮೇಶ್ ಎಂದು ಮೂರು ಬೀದಿಗೆ ಕೇಳುವ ಹಾಗೆ ಕೂಗುವವಳು. ಮದುವೆಯಾದ ಹೊಸತರಲ್ಲಿ, ಇದೆಂಥ ಗೊಡ್ಡು ಪದ್ಧತಿ ಎಂದು ಒಳಗೊಳಗೇ ಉರಿದುಕೊಂಡಿದ್ದೆ.

ಒಡಪು ಕೇಳಿದ ಮೇಲೆ ಆ ಉರಿ ಇಳಿಯಿತು. ಅವರ ಉತ್ತರ ಕರ್ನಾಟಕದ ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸದ ಎರಡು ಸಾಲಿನಲ್ಲಿ ಕೂರಿಸಿ ಹೇಳುತ್ತಾರೆ. ಡೆಟ್ರಾಯ್ಟ್ ಹತ್ತಿರದ ಟ್ರಾಯ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸೀಮಂತವೋ ಅರಿಶಿನ ಕುಂಕುಮವೋ ನಡೆದರೆ ಹೊರಗೆ ಹಿಮ, ಒಳಗೆ ಶೇಂಗಾ ಹೋಳಿಗೆ ಮತ್ತು ಒಡಪು. ಅತ್ತೆಯ ಸರದಿ ಬಂದರೆ ಮಕ್ಕಳೂ ಆಟ ಬಿಟ್ಟು ಓಡಿ ಬರುತ್ತಿದ್ದರು.

"ಗ್ಯಾರೇಜಿನಾಗ ನಿಂತಾವ ಎರಡು ಕಾರು, ರೇವಣಪ್ಪನವರು ಮಾಡಿದ ಚಾ ಬರೇ ನೀರು!"

ಮೇಲೆ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕುದಿಸುತ್ತಿದ್ದ ಮಾವ, "ಹಂಗಾರ ನೀನ ಮಾಡಕೋ ಬಾ!" ಎಂದು ಕೂಗುತ್ತಿದ್ದರು. ಸಿಟ್ಟೆಲ್ಲ ಬರೀ ನಾಟಕ. ಒಡಪು ಶುರುವಾಯಿತೆಂದರೆ ಆ ಮನುಷ್ಯ ಒಲೆ ಸಣ್ಣಗೆ ಮಾಡಿ ಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ. ಪಾಪ, ಅವರಿಗೆ ಅವರ ಹೆಸರು ಮತ್ತೆಲ್ಲಿ ಸಿಗಬೇಕು? ಡಿಯರ್‌ಬಾರ್ನ್‌ನ ಆಫೀಸಿನಲ್ಲಿ ಅವರು ಬರೀ 'ರೇ'. ಮಗನಿಗೆ ಅಪ್ಪ, ನನಗೆ ಮಾವ, ನನ್ನ ಮಗಳು ಅನಿಕಾಳಿಗೆ ಅಜ್ಜ. ಪೂರ್ತಿ ಹೆಸರು ಹಿಡಿದು ಕೇಳುತ್ತಿದ್ದವರೆಂದರೆ ಮನೆಯ ಫೋನಿಗೆ ಕರೆ ಮಾಡಿ ಏನಾದರೂ ಮಾರಲು ನೋಡುವವರು ಮಾತ್ರ. ಅವರೂ ಅದನ್ನು ಮುರಿದು ಮುಕ್ಕು ಮಾಡಿಯೇ ಹೇಳುತ್ತಿದ್ದರು.

ಮಾವ ತೀರಿಕೊಂಡು ಮೂರು ವರ್ಷವಾಯಿತು. ಅದಾದ ಮೇಲಿನ ಒಂದು ಸೀಮಂತದಲ್ಲಿ ಒಡಪು ಸುತ್ತು ಹೊಡೆಯುತ್ತ ಅತ್ತೆಯ ಬಳಿ ಬಂತು. ಅತ್ತೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು ಮೆಲ್ಲಗೆ, "ಅವರದ ಇರಲಿ ಬಿಡ್ರಿ. ಮುಂದಿನವರು ಹೇಳ್ರಿ" ಎಂದುಬಿಟ್ಟರು. ಗಂಡನಿಲ್ಲದವರನ್ನು ಒಡಪು ಕೇಳುವ ವಾಡಿಕೆಯಿಲ್ಲ. ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ತೆರೆದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಅಂಥ ಕಡೆಗೆ ಹೋಗುವುದನ್ನೇ ಬಿಟ್ಟರು.

ಮನೆಯ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. "ಮಿಸ್ಟರ್ ರೆವಾನಾಪಾ ಇದ್ದಾರೆಯೇ?" ಎಂದು ಯಾರೋ ಕೇಳಿದರೆ ಅತ್ತೆ ಫೋನು ಇಡುತ್ತಿರಲಿಲ್ಲ. ಅವರು ಇನ್ನೊಂದು ಸಲ ಕೇಳಲಿ ಎಂದು ಸುಮ್ಮನೆ ಹಿಡಿದುಕೊಂಡಿರುತ್ತಿದ್ದರು. ಇದು ಕಲ್ಮೇಶನಿಗೆ ಗೊತ್ತಿಲ್ಲ. ಕಳೆದ ವರ್ಷ ದಂಡದ ಖರ್ಚೆಂದು ಆ ಫೋನನ್ನು ತೆಗೆಸಿಹಾಕಿದ. ಅಂದು ರೊಟ್ಟಿ ಬಡಿಯುತ್ತ ಅತ್ತೆ, "ಮನ್ಯಾಗ ಅವರ ಹೆಸರ ಹೇಳವರ ಇನ್ನ ಯಾರೂ ಉಳೀಲಿಲ್ಲ ನೋಡು ರೇಣು" ಎಂದರು.

ಈ ಆಗಸ್ಟಿನಲ್ಲಿ ಅನಿಕಾಳ ಮದುವೆ ಪ್ರಜ್ವಲ್ ಜೊತೆ ಗಟ್ಟಿಯಾಯಿತು. ಶಿಕಾಗೋ ಕಡೆಯ ವುಡ್‌ರಿಡ್ಜ್‌ನಿಂದ ಅವನೂ ಅವನ ತಾಯಿ ಮಾಳವಿಕಾ ಅವರೂ ಡ್ರೈವ್ ಮಾಡಿಕೊಂಡು ಬಂದರು. ಬೀಗತಿಯದು ಧಾರವಾಡ. ಅವರ ಗೌರವಕ್ಕೆಂದು ಕಲ್ಮೇಶ್ ಡೆಟ್ರಾಯ್ಟ್ ನದಿಯಲ್ಲಿ ಥಾಯ್ ಸಂಜೆಯೊಂದಕ್ಕೆ ಟಿಕೆಟ್ ತೆಗೆಸಿದ್ದ. ಮೊದಲು ದಂಡೆಯ ಮೇಲೆ ಥಾಯ್ ಇತಿಹಾಸದ ಒಂದು ಆಟ, ಆಮೇಲೆ ದೋಣಿಯಲ್ಲಿ ಊಟ. ಊಟದಲ್ಲಿ ಮೀನಿನ ಸಾಸ್ ಇರುವುದಿಲ್ಲ ತಾನೇ ಎಂದು ದೋಣಿಯವರಿಗೆ ಎಷ್ಟು ಸಲ ಫೋನ್ ಮಾಡಿದನೋ ಆ ಶಿವನೇ ಬಲ್ಲ.

ಆಟ ಜೋರಾಗಿತ್ತು. ಬಟ್ಟೆಯ ಆನೆಗಳೊಳಗೆ ಇಬ್ಬಿಬ್ಬರು ಗಂಡಸರು, ಕಿವಿ ತೂತಾಗುವಂಥ ನಗಾರಿ, ವೇಷದವರ ನೆತ್ತಿಯ ಮೇಲೆ ಚಿನ್ನದ ಬಣ್ಣದ ಚೂಪು ಕಿರೀಟ. ಯುದ್ಧದಲ್ಲಿ ರಾಜ ಶತ್ರುವಿನ ಕೈಗೆ ಸಿಕ್ಕಿಬೀಳುವ ಹೊತ್ತು. ಗಂಡುಡುಗೆ ತೊಟ್ಟ ರಾಣಿ ತನ್ನ ಆನೆಯನ್ನು ಇಬ್ಬರ ನಡುವೆ ನುಗ್ಗಿಸುತ್ತಾಳೆ. ಏಟು ಅವಳಿಗೆ ಬೀಳುತ್ತದೆ. ನಗಾರಿ ನಿಂತಿತು. ರಾಜನ ವೇಷದವನು ಕೆಳಗಿಳಿದು, ಸತ್ತ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಹೆಸರು ಹಿಡಿದು ಕೂಗಿದ. ಮತ್ತೆ ಮತ್ತೆ ಕೂಗಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತೆ ಏಳಲಿಲ್ಲ.

ದೋಣಿ ಹತ್ತುವಾಗ ನನ್ನ ಕೈ ಹಿಡಿದು, "ಸತ್ತ ಹೆಂಡತಿ ಹೆಸರ ಹಿಡದು ಒದರಿದ್ನಲ್ಲ ರೇಣು, ಇರಲಿ ಬಿಡಪಾ ಅಂತ ಯಾರೂ ಅನ್ನಲಿಲ್ಲ" ಎಂದರು.

ಊಟ ಬಂತು. ಆಚೆ ದಂಡೆಯ ಕೆನಡಾದಲ್ಲಿ ಆಗಲೇ ದೀಪ ಹತ್ತುತ್ತಿದ್ದವು. ಬೀಗತಿ ಹುರುಪಿನಲ್ಲಿದ್ದರು. "ಅನಿಕಾ, ನಮ್ಮ ಮನಿ ಸೊಸಿ ಆಗಾಕಿ ನೀ. ಒಡಪ ಹಾಕಿ ಗಂಡನ ಹೆಸರ ಹೇಳು ನೋಡೋಣ."

"ಪ್ರಜ್ವಲ್," ಎಂದಳು ನನ್ನ ಮಗಳು, ಥಾಯ್ ಕರಿ ಬಡಿಸಿಕೊಳ್ಳುತ್ತ. ಎಲ್ಲರೂ ನಕ್ಕರು. ಅವಳಿಗೆ ನಾಚಿಕೆಯಾಗಿರಬೇಕು, ಪಕ್ಕಕ್ಕೆ ತಿರುಗಿ, "ಅಜ್ಜಿ, ಯೂ ಫಸ್ಟ್! ಪ್ಲೀಸ್!" ಎಂದಳು.

ಮಾಳವಿಕಾ ಅವರ ಮುಖ ಸಪ್ಪಗಾಯಿತು. "ಏ ಅನಿಕಾ, ದೊಡ್ಡವರನ್ನ ಹಂಗ ಕೇಳಬಾರದವಾ. ಅವರು ಈಗ ಹೇಳಂಗಿಲ್ಲ. ನಾ ಹೇಳ್ತೀನಿ, ಕೇಳಿಲ್ಲೆ."

"ಯಾಕ ಹೇಳಂಗಿಲ್ಲ?" ಎಂದರು ಅತ್ತೆ.

ಅತ್ತೆ ಚಮಚ ಕೆಳಗಿಟ್ಟರು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ದನಿ ಮೊದಲು ಸ್ವಲ್ಪ ಒಡೆಯಿತು, ಆಮೇಲೆ ಬೇಸ್‌ಮೆಂಟಿನ ಆ ಹಳೆಯ ದನಿಯೇ ಬಂತು.

"ಹೊಳಿ ಮ್ಯಾಲಿಂದ ಬೀಸತೈತಿ ತಂಪು ಗಾಳಿ, ರೇವಣಪ್ಪನವರಿಲ್ಲದ ಮನಿ ಎಲ್ಲಾ ಖಾಲಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಲ್ಮೇಶ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನಗಂತೂ ಅಳುವೇ ಬಂದುಬಿಟ್ಟಿತು, ನಾಚಿಕೆಯೇನಿಲ್ಲ. ಮಾಳವಿಕಾ ಅವರು ಎದ್ದು ಬಂದು, "ತಪ್ಪ ಆತ್ರಿ" ಎಂದು ಅತ್ತೆಯ ಕಾಲು ಮುಟ್ಟಲು ಬಗ್ಗಿದರು. ಅತ್ತೆ ಅವರನ್ನು ಹಿಡಿದೆತ್ತಿ ಪಕ್ಕದಲ್ಲಿ ಕೂರಿಸಿಕೊಂಡರು.

"ಅಜ್ಜಿ, ಒನ್ಸ್ ಮೋರ್," ಎಂದಳು ಅನಿಕಾ, ಸಣ್ಣ ದನಿಯಲ್ಲಿ.

ಅತ್ತೆ ನೀರಿನ ಕಡೆ ತಿರುಗಿದರು. ಈ ಸಲ ಪ್ರಾಸ ಹುಡುಕಲಿಲ್ಲ. ಐವತ್ತು ವರ್ಷಗಳಲ್ಲಿ ಒಮ್ಮೆಯೂ ಕರೆಯದ ಹಾಗೆ, ಬರೀ ಹೆಸರು ಹಿಡಿದು ಕರೆದರು.

"ರೇವಣಪ್ಪಾ, ಅನಿಕಾಂದು ಲಗ್ನ ಗಟ್ಟಿ ಆತ್ರಿ."