ಭಾಗಿಸುವುದನ್ನು ಎಲ್ಲಿ ನಿಲ್ಲಿಸಬೇಕು

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಅಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ಒಂದು ಶುಕ್ರವಾರ ಗಣಿತದ ಮಾಸ್ತರು ಕೆಲಸವೊಂದನ್ನು ಕೊಟ್ಟರು. ಯಾವುದೇ ಸಂಖ್ಯೆಯ ಅಪವರ್ತನಗಳನ್ನು, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು, ಹುಡುಕುವ ಕ್ರಮ ಬರೆಯಬೇಕು. ಅದನ್ನು ಓದಿ ಲೆಕ್ಕ ಮಾಡುವವರು ಸ್ವಂತ ಬುದ್ಧಿ ಓಡಿಸುವಂತಿಲ್ಲ, ಹಾಳೆಯಲ್ಲಿದ್ದಷ್ಟೇ ಮಾಡಬೇಕು.

ನಾನು ಗಡಿಬಿಡಿಯಲ್ಲಿ ಬರೆದೆ: ‘ಒಂದರಿಂದ ಭಾಗಿಸು. ಶೇಷ ಉಳಿಯದಿದ್ದರೆ ಬರೆದುಕೋ. ಒಂದು ಕೂಡಿಸು. ಮತ್ತೆ ಭಾಗಿಸು.’

ಗೆಳತಿಯೊಬ್ಬಳು ಅದರಂತೆ ಬೋರ್ಡಿನ ಮೇಲೆ ಹನ್ನೆರಡನ್ನು ಭಾಗಿಸತೊಡಗಿದಳು. ಹನ್ನೆರಡು ದಾಟಿ ಹದಿಮೂರು, ಹದಿನಾಲ್ಕಕ್ಕೂ ಹೋದಳು.

“ಎಲ್ಲಿಗೆ ಹೊಂಟೀಯವ್ವಾ?” ಎಂದರು ಮಾಸ್ತರು.

“ನಿಲ್ಲು ಅಂತ ಇಕಿ ಬರದಿಲ್ರಿ.”

ಕ್ಲಾಸೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. “ಹನ್ನೆರಡಕ್ಕ ನಿಲ್ಲು ಅಂತ ಬರದ್ರ ಸಾಕೇನ್ರಿ?” ಎಂದೆ.

“ಅದಕ್ಕೂ ಮೊದಲ ನಿಲ್ಲಬಹುದು. ಎಲ್ಲಿ ಅಂತ ಸೋಮವಾರ ಹೇಳು.”

ಅಂದು ಸಂಜೆ ಊರಿಗೆ ಹೊರಟು ಕುರುಗೋಡಿನ ಬಸ್ಸಿನಲ್ಲಿ ಟಿಕೇಟಿನ ನಂಬರನ್ನೇ ಭಾಗಿಸುತ್ತ ಕೂತೆ. ಮನೆಯಲ್ಲೂ ಊಟ ಸೇರಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದೆ.

“ಒಂದ್ ಕಡೆ ಕುಂದ್ರಬಾರದೇನ?” ಎಂದು ಅವ್ವ ಬೈದಳು.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅಕ್ಕ ಅಲ್ಲೇ ಶೇಂಗಾ ಸುಲಿಯುತ್ತಿದ್ದಳು. ಯಾರ ಜೊತೆಗೂ ಅವಳಿಗೆ ಹೆಚ್ಚು ಮಾತಿರಲಿಲ್ಲ. ಇಪ್ಪತ್ನಾಲ್ಕು ಬೀಜಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಿ ಕೊಡು ಎಂದೆ. ಎರಡು ಸಾಲು, ಮೂರು ಸಾಲು, ಆಮೇಲೆ ಆರಾರರ ನಾಲ್ಕು ಸಾಲು ಇಟ್ಟಳು. ನನ್ನ ಕಾಲು ಮತ್ತೆ ನಿಲ್ಲಲಿಲ್ಲ. ಗೋಡೆಯ ಬದಿಗೆ ಹೋಗಿ ತಿರುಗಿ ನೋಡಿದರೆ ಅವೇ ಬೀಜಗಳು ನಾಲ್ನಾಲ್ಕರ ಆರು ಸಾಲಾಗಿದ್ದವು!

ನಾಲ್ಕು ಸಿಕ್ಕಾಗಲೇ ಆರೂ ಸಿಕ್ಕಿರುತ್ತದೆ. ಎರಡನ್ನೂ ಕೂಡಲೇ ಬರೆದುಕೊಂಡರೆ, ಭಾಗಲಬ್ಧ ಭಾಜಕಕ್ಕಿಂತ ಚಿಕ್ಕದಾದಲ್ಲಿ ನಿಲ್ಲಬಹುದು; ಮುಂದೆ ಸಿಗುವವೆಲ್ಲ ಆಗಲೇ ಬರೆದುಕೊಂಡ ಜೋಡಿಗಳೇ. ನಾನು ಕೂಗಿಯೇಬಿಟ್ಟೆ. ಅಕ್ಕನಿಗೆ ವಿವರಿಸಿದಾಗ ತಾನೂ ಎದ್ದು ಗೋಡೆಯ ಬದಿಗೆ ಹೋಗಿ ನೋಡಿದಳು.

“ಹೌದಲ್ಲ! ಇನ್ನೊಂದು ಲೆಕ್ಕ ಕೊಡು,” ಎಂದಳು. ಬಹಳ ದಿನಗಳ ಮೇಲೆ ಅವಳಾಗಿ ಏನನ್ನೋ ಕೇಳಿದ್ದಳು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಸೋಮವಾರ ಮಾಸ್ತರು ತೊಂಬತ್ತೇಳನ್ನು ಕೊಟ್ಟರು. ಗೆಳತಿ ನನ್ನ ಹೊಸ ಹಾಳೆಯಂತೆ ಭಾಗಿಸುತ್ತ ಹತ್ತಕ್ಕೆ ಬಂದು, ಭಾಗಲಬ್ಧ ಒಂಬತ್ತಾದದ್ದು ಕಂಡು ಸುಣ್ಣದ ಕಡ್ಡಿ ಕೆಳಗಿಟ್ಟಳು.

“ಇಷ್ಟಕ್ಕ ನಿಂತ್ಯಾ?”

“ಹಾಳ್ಯಾಗ ಹಂಗ ಐತ್ರಿ.”

ಮಾಸ್ತರು ಹಾಳೆಯನ್ನು ಮತ್ತೊಮ್ಮೆ ಓದಿ ಸರಿ ಎಂದು ತಲೆಯಾಡಿಸಿದರು.

ಮುಂದೆ ನನಗೆ ಸಿರುಗುಪ್ಪದ ಶಾಲೆಯಲ್ಲಿ ಕೆಲಸವಾಯಿತು. ಅಕ್ಕನನ್ನೂ ಕರೆದೊಯ್ದು ಓದಿಸುತ್ತೇನೆ ಎಂದೆ. ಮಂದಿ ಏನಂದಾರು ಎಂದು ಅವ್ವ ತಡೆದಳು. ಅಷ್ಟರಲ್ಲಿ ಅಕ್ಕ ಸೀರೆಗಳನ್ನು ಟ್ರಂಕಿಗೆ ತುಂಬಿಯಾಗಿತ್ತು.