ಡಬ್ಬಿಯ ಹೊರಗೆ ಕಟ್ಟಿದ ಬೋಲ್ಟು

"ಹತ್ತು ಹತ್ತೂವರೆ ಹನ್ನೊಂದು ಹನ್ನೊಂದೂವರೆ." ಪರದೆಯ ಮೇಲಿದ್ದುದನ್ನು ಫೋನು ಒಂದೇ ಉಸಿರಿನಲ್ಲಿ ಓದಿ ಸುಮ್ಮನಾಯಿತು. ದಾಕ್ಷಾಯಿಣಿ ಬೆರಳಾಡಿಸಿದರು. ಎಲ್ಲಿ ಒತ್ತಬೇಕೆಂದು ಅದು ಹೇಳಲೇ ಇಲ್ಲ.

"ಗುಲ್ನಾಜ, ನಿನ್ನ ಪೇಜು ಬರೇ ಗ್ವಾಡಿ ಆತಲ್ಲವಾ. ಬಾಗಲಾ ಎಲ್ಲೈತಿ?"

ದಾಕ್ಷಾಯಿಣಿಗೆ ಹುಟ್ಟಿನಿಂದ ಕಣ್ಣಿಲ್ಲ. ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಲಿಫೋನ್ ಆಪರೇಟರು. ಹುಬ್ಬಳ್ಳಿಯ ಎಷ್ಟೋ ಜನರನ್ನು ದನಿಯಿಂದಲೇ ಬಲ್ಲರು. ಬೆಂಗೇರಿಯ ಮನೆಯ ಅಡುಗೆ, ಬಸ್ಸಿನ ಓಡಾಟ ಎಲ್ಲ ಸ್ವಂತ. ಡಾಕ್ಟರರ ಬಳಿ ಪಾಳಿ ಹಚ್ಚುವುದಕ್ಕೆ ಮಾತ್ರ ಪಕ್ಕದ ಮನೆಯ ಶೇವಂತೆವ್ವ ಬೇಕು. ಕ್ಲಿನಿಕ್ಕಿನ ವಹಿಯಲ್ಲಿ ಹೆಸರಿನ ಜೊತೆ ಬೇನೆಯನ್ನೂ ಬರೆಯಬೇಕು. ಬೆಳಿಗ್ಗೆ ಶೇವಂತೆವ್ವ ಬರೆದ ಬೇನೆಯನ್ನು ಸಂಜೆ ಹಾಲಿನವನೂ ವಿಚಾರಿಸುತ್ತಿದ್ದ. ಈ ಸಲದ ತೊಂದರೆ ಓಣಿಗೆ ತಿಳಿಯಕೂಡದು. ಅದಕ್ಕೇ ಕ್ಲಿನಿಕ್ಕಿನ ಹೊಸ ವೆಬ್ ಪೇಜು ಮಾಡುತ್ತಿದ್ದ ಗುಲ್ನಾಜಳನ್ನು ಹುಡುಕಿಕೊಂಡು ಗೋಕುಲ ರಸ್ತೆಯ ಅವಳ ಮಹಡಿ ಕೋಣೆಗೆ ಬಂದಿದ್ದರು.

"ಬಟನ್ ಅದಾವಲ್ರೀ ಅಕ್ಕಾರ, ಹಸರ ಬಣ್ಣದವು..." ಎಂದವಳು ನಾಲಿಗೆ ಕಚ್ಚಿಕೊಂಡಳು.

ದಾಕ್ಷಾಯಿಣಿ ನಕ್ಕರು. "ನಿಮ್ಮಪ್ಪನ ಅಂಗಡ್ಯಾಗ ಬೋಲ್ಟ ನಾನ ಆರಿಸಿ ತಗೋತೇನಿ. ಹೆಂಗ, ಹೇಳು?"

ಕೆಳಗೆ ಗುಲ್ನಾಜಳ ತಂದೆ ಫಾರೂಕರ ನಟ್ಟು ಬೋಲ್ಟಿನ ಅಂಗಡಿ. ಗೋಡೆ ತುಂಬ ಒಂದೇ ಅಳತೆಯ ತಗಡಿನ ಡಬ್ಬಿಗಳು. ಒಳಗಿರುವ ಮಾಲಿನ ಒಂದು ನಮೂನೆಯನ್ನು ಪ್ರತಿ ಡಬ್ಬಿಯ ಮುಂದೆ ತಂತಿಯಿಂದ ಕಟ್ಟಿದ್ದಾರೆ. ಮುಟ್ಟಿದರೆ ಗೊತ್ತು.

ಗುಲ್ನಾಜ ಪೇಜಿಗಾಗಿ ತಾನು ಬರೆದ ಕೋಡನ್ನು ತೆರೆದಳು. ಎಲ್ಲವೂ ಗುರುತಿಲ್ಲದ ಡಬ್ಬಿ, ಡಬ್ಬಿಯೊಳಗೆ ಡಬ್ಬಿ. ಬಣ್ಣ ಬಳಿದು ಕಣ್ಣಿಗೆ ಬಟನ್ನಿನಂತೆ ಮಾಡಿದ್ದು ಅಷ್ಟೆ. ಒಂದೊಂದಾಗಿ ಕಿತ್ತು ಹಾಕಿದಳು. ಯಾವುದು ಏನೆಂದು ಫೋನಿಗೆ ತಿಳಿಸುವ ಗುರುತು ಕಟ್ಟಿದಳು: ತಲೆಬರಹಕ್ಕೆ ತಲೆಬರಹದ ಟ್ಯಾಗು, ಪಟ್ಟಿಗೆ ಪಟ್ಟಿಯದು, ಒತ್ತುವಲ್ಲಿ ಬಟನ್ನಿನದೇ. ಮುನ್ನೂರು ಸಾಲು ತೊಂಬತ್ತಕ್ಕೆ ಇಳಿಯುವ ಹೊತ್ತಿಗೆ ಇಬ್ಬರ ಚಹಾವೂ ಆರಿತ್ತು.

"ಈಗ ನೋಡ್ರಿ."

"ಹತ್ತೂವರೆ, ಬಟನ್," ಎಂದಿತು ಫೋನು. ದಾಕ್ಷಾಯಿಣಿ ಎರಡು ಸಲ ತಟ್ಟಿದರು. ಬೇನೆಯನ್ನು ತಾವೇ ಬರೆದರು, ಫೋನಿನ ದನಿ ತಗ್ಗಿಸಿ, ಗುಲ್ನಾಜಳಿಗೆ ಬೆನ್ನು ಮಾಡಿ. "ನಿಮ್ಮ ಸಮಯ ಕಾಯ್ದಿರಿಸಲಾಗಿದೆ," ಎಂದಿತು ಫೋನು.

ಮೆಟ್ಟಿಲಿಳಿಯುತ್ತಲೇ ಫಾರೂಕರು ಮಾತಿಗೆ ಹಿಡಿದರು. "ಕೆಲಸ ಆತೇನ್ರಿ ಅಕ್ಕಾರ? ಯಾವ ಡಾಕ್ಟರ್ರಿ? ಮೊಣಕಾಲೇನ್ರಿ, ಏನು ಮತ್ತ..."

ದಾಕ್ಷಾಯಿಣಿಯ ಬೆರಳು ಗೋಡೆಯ ಮೇಲೆ ಹರಿದು ನಿಂತಿತು. "ಕಾಕಾ, ಈ ಡಬ್ಬಿಗೆ ಬ್ಯಾರೆ ಬೋಲ್ಟ ಕಟ್ಟೀರಿ ನೋಡ್ರಿ."

"ಛೇ, ಎಲ್ಲಿರಿ?" ಫಾರೂಕರು ಕನ್ನಡಕ ಏರಿಸಿ ಡಬ್ಬಿ ಇಳಿಸಿದರು, ಬೋಲ್ಟನ್ನೂ ಒಳಗಿನ ಮಾಲನ್ನೂ ಜೋಡಿಸಿ ಹಿಡಿದರು. "ಇದು ಸರೀನ ಐತಲ್ರೀ ಅಕ್ಕಾರ... ಅಕ್ಕಾರ?"

ಕೋಲಿನ ಟಕಟಕ ಸದ್ದು ಆಗಲೇ ಬೆಂಗೇರಿಯ ಬಸ್ಸಿನ ಕಡೆ ಹೊರಟಿತ್ತು.