ಗುಲಾಬಿ ಮರಿ

ಹಸಿದು ಬಂದವರನ್ನು ಬಯ್ಯಬಾರದು ಎಂದೇನೋ ಅವ್ವ ಹೇಳುತ್ತಿದ್ದಳು. ಯಾರು ಯಾರನ್ನು ಎಂದು ಹೇಳಿದ್ದಳೋ ಇಲ್ಲವೋ, ನೆನಪಿಲ್ಲ ಗೆಳೆಯರೇ.

ಇವತ್ತು ಬೆಳಿಗ್ಗೆ ಯಲಬುರ್ಗಾದಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು, ಅಮೆರಿಕದ ಬಿಳಿತಲೆ ಹದ್ದಿನ ಗೂಡನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ಗೂಡಿನ ಮೇಲೆ ಕ್ಯಾಮರಾ ಇಟ್ಟಿದ್ದಾರೆ, ನೇರಪ್ರಸಾರ. ಅಂಗಳದಲ್ಲಿ ಅಕ್ಕನ ಕೋಳಿಮರಿಗಳು. ಅರ್ಧದಷ್ಟನ್ನು ಹದ್ದು ಒಯ್ದ ಮೇಲೆ, ಉಳಿದವಾದರೂ ಉಳಿಯಲೆಂದು, ಹದ್ದಿಗೆ ಗುರುತು ಸಿಗದಂತೆ ಗುಲಾಬಿ ಬಣ್ಣ ಹಚ್ಚಿದ್ದಾಳೆ.

"ಇಲ್ಲಿ ಹದ್ದು ಸಾಲಲಿಲ್ಲೇನೋ ತಮ್ಮಾ, ಪರದೇಶದ್ದು ನೋಡಾಕ ಕುಂತಿ?" ಎಂದು ಬಗ್ಗಿ ನೋಡಿದವಳು ಅಲ್ಲೇ ಕುಳಿತಳು. ಗೂಡಿನಲ್ಲಿ ಮರಿ ಒಂದೇ ಸಮನೆ ಕೂಗುತ್ತಿತ್ತು. ತಾಯಿ ಗಾಳಿಗೆ ಅಡ್ಡ ನಿಂತಿತ್ತು.

"ಇದರಪ್ಪ ಎಲ್ಲಿ ಹೋಗ್ಯಾನ?"

"ಬ್ಯಾಟಿಗೆ."

"ಲಗೂನ ಬಾರೋ ಮಾರಾಯಾ, ಕೂಸು ಬಾಯಿ ಬಾಯಿ ಬಿಡಾಕತ್ತೈತಿ."

ಗಂಡು ಹದ್ದು ಬಂತು. ಕಾಲಲ್ಲಿ ಯಾವುದೋ ನೀರುಹಕ್ಕಿಯ ಮರಿ. ತಾಯಿ ಅದನ್ನು ಹರಿದು, ಚೂರು ಚೂರಾಗಿ ಉಣಿಸಿತು.

"ಛಲೋ ಆತು. ಉಣ್ಣು ನನ್ನವ್ವಾ," ಎಂದಳು ಅಕ್ಕ.

ಅಷ್ಟರಲ್ಲಿ ಅಂಗಳದ ಕೋಳಿ ಚೀರಿತು. ನಾವು ತಲೆಯೆತ್ತುವ ಹೊತ್ತಿಗೆ ಒಂದು ಗುಲಾಬಿ ಚುಕ್ಕೆ ಬೇವಿನ ಮರದ ಮೇಲೆ ಹಾದು ಹೋಗುತ್ತಿತ್ತು. ಅಕ್ಕ ಕೋಲು ಹಿಡಿದು ಓಡಿದಳು. ಬಯ್ಯಲು ಬಾಯಿ ತೆರೆದಳು, ಯಾಕೋ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಸುಡುಗಾಡು ಮೊಬೈಲ್ ಒಳಗಿಡು," ಎಂದಳು.

ಬೇವಿನ ಮರದಾಚೆ ಹೋದ ಹದ್ದೇ, ಆ ಬಣ್ಣ ಕಂಡು ನಿನ್ನ ಮರಿ ಉಣ್ಣಲು ಹಟ ಮಾಡಲಿಲ್ಲವೇ?